ಹಿಟ್ಟಿನ ಕೋಳಿಯೂ ಮಣ್ಣಿನ ಹಕ್ಕಿಯೂ

ಹೆಸರು ಬದಲಾದರೆ ಪಾಪವೂ ಬದಲಾಗುತ್ತದೆಂಬ ಭ್ರಮೆ ಬಹಳ ಹಳೆಯದು. ಲಂಚವನ್ನು ಕಾಣಿಕೆಯೆಂದೂ ದುರ್ಲಾಭವನ್ನು ವ್ಯವಹಾರ ಚಾತುರ್ಯವೆಂದೂ ಕರೆದು ಮನಸ್ಸನ್ನು ಸಮಾಧಾನಪಡಿಸಿಕೊಂಡವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಬೇಟೆಗೂ ಅಂಥದೊಂದು ಮರ್ಯಾದೆಯ ಹೆಸರು ದೊರೆತಿದೆ, ಅದು 'ಕ್ರೀಡೆ'. ಆ ಹೆಸರಿನ ಆಶ್ರಯದಲ್ಲಿ ಮನೆಯೊಳಗೆ ಬರುವ ಸಾಧನವೂ ಒಂದಿದೆ. ಅದು 'ಎರಡಕ್ಕೂ ಒದಗುವ ಕೋವಿ'.

ಒಂದೇ ಗುಂಡನ್ನು ಹಾರಿಸುವುದರ ಬದಲು ನೂರಾರು ಸಣ್ಣ ಚರೆಗಳನ್ನು ಒಮ್ಮೆಗೇ ಎರಚುವ ಬಂದೂಕಿಗೆ ಚರೆಕೋವಿ ಎಂದು ಹೆಸರು. ಪಶ್ಚಿಮ ದೇಶಗಳಲ್ಲಿ ಹಾರುವ ಹಕ್ಕಿಗಳ ಬೇಟೆಗೆ ಇದನ್ನೇ ಬಳಸುತ್ತಾರೆ. ಯಂತ್ರವೊಂದು ಗಾಳಿಗೆಸೆಯುವ ಮಣ್ಣಿನ ಬಿಲ್ಲೆಗಳನ್ನು ಒಡೆಯುವ ಸ್ಪರ್ಧೆಗೂ ಇದನ್ನೇ ಬಳಸುತ್ತಾರೆ. ಒಂದೇ ಕೋವಿ ಕೊಳ್ಳಬಯಸುವವನು ಎಂಥದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಬಂದೂಕಿನ ವ್ಯಾಪಾರಿಗಳೂ ಬೇಟೆಯ ಕೈಪಿಡಿಗಳೂ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: ಹನ್ನೆರಡು ಬೋರಿನದು, ನಳಿಗೆ 28 ಅಂಗುಲ, ಬಾಯಿಯ ಚೋಕ್ ಬದಲಿಸಲು ಬರುವಂಥದು. ಶನಿವಾರ ಬಿಲ್ಲೆ, ಭಾನುವಾರ ಹಕ್ಕಿ. ಹಣ ಒಂದೇ ಸಲ ಖರ್ಚು.

ಈ ಮಿತವ್ಯಯದ ಬೋಧೆ ಜೈನ ಕುಟುಂಬಗಳಿಗೆ ಸಂಬಂಧಿಸಿದ್ದಲ್ಲವೆಂದು ತಳ್ಳಿಹಾಕುವ ಹಾಗಿಲ್ಲ. ಉದ್ಯೋಗಕ್ಕಾಗಿ ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳು ಓದುವ ಪ್ರೌಢಶಾಲೆಗಳಲ್ಲಿ ಬಿಲ್ಲೆ ಹೊಡೆಯುವ ತಂಡಗಳುಂಟು. ಗೆಳೆಯರೊಡನೆ ಮಗನೋ ಮಗಳೋ ಸೇರಬಯಸಿದರೆ ತಂದೆತಾಯಿ ಉತ್ತರ ಹೇಳಲೇಬೇಕು. 2004ರಲ್ಲಿ ಅಥೆನ್ಸ್‌ನ ಡಬಲ್ ಟ್ರ್ಯಾಪ್ ಸ್ಪರ್ಧೆಯಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಬೆಳ್ಳಿಯ ಪದಕ ಗೆದ್ದ ಮೇಲೆ ಭಾರತದಲ್ಲಿಯೂ ಈ ಕ್ರೀಡೆಗೆ ಗೌರವ ಬಂದಿದೆ. ಇನ್ನು ಕರಾವಳಿ, ಮಲೆನಾಡುಗಳಲ್ಲಿ ಬೆಳೆರಕ್ಷಣೆಯ ಪರವಾನಗಿಯ ಜೋಡುನಳಿಗೆಯನ್ನು ಇರಿಸಿಕೊಂಡ ಮನೆಗಳಿಗೆ ಕೋವಿ ಹೊಸದೇನೂ ಅಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಎರಡಕ್ಕೂ ಒದಗುವ ಕೋವಿಯನ್ನು ಅಣುವ್ರತಿಯಾದ ಶ್ರಾವಕನು ಕೊಳ್ಳಬಹುದೆ? ಕೊಳ್ಳಬಾರದು ಎಂಬುದೇ ಉತ್ತರ. ಅದಕ್ಕೆ ಕಾರಣಗಳು ಶಾಸ್ತ್ರದಲ್ಲಿಯೂ ಇವೆ, ಆ ಕೋವಿಯ ರಚನೆಯಲ್ಲಿಯೇ ಇವೆ.

ಸಾಧನವೇ ಹೇಳುವ ಸಾಕ್ಷಿ

ಹನ್ನೆರಡು ಬೋರ್ ಎಂಬ ಮಾತಿನ ಅರ್ಥ ಸರಳ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಾನ ಗುಂಡುಗಳನ್ನು ಮಾಡಿದರೆ ಒಂದು ಗುಂಡು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೆಯೋ ಅದು ಹನ್ನೆರಡು ಬೋರು. ಒಳ ವ್ಯಾಸ ಸುಮಾರು 18.5 ಮಿಲಿಮೀಟರ್. ಅದರೊಳಗೆ ಹಾಕುವ ತೋಟೆಯಲ್ಲಿ ಯಾವ ಗಾತ್ರದ ಚರೆ ಇದೆಯೆಂಬುದರ ಮೇಲೆ ಕೋವಿಯ ಕೆಲಸ ನಿರ್ಧಾರವಾಗುತ್ತದೆ. ಎರಡು, ಎರಡೂವರೆ ಮಿಲಿಮೀಟರಿನ ಚರೆ ಬಿಲ್ಲೆಗೂ ಸಣ್ಣ ಹಕ್ಕಿಗೂ ಸಾಕು. ಬಾತುಕೋಳಿಗೆ ಅದಕ್ಕಿಂತ ದಪ್ಪ. ಜಿಂಕೆಗೆ ಬಟಾಣಿಯಷ್ಟು ದಪ್ಪ. ನಳಿಗೆಯ ತುದಿಯನ್ನು ತುಸು ಕಿರಿದಾಗಿಸಿದರೆ ಚರೆಗಳು ಹೆಚ್ಚು ದೂರ ಒಟ್ಟಾಗಿ ಹೋಗುತ್ತವೆ. ಆ ಕಿರಿದಾದ ಭಾಗಕ್ಕೆ ಚೋಕ್ ಎನ್ನುತ್ತಾರೆ. ಹಿಂದೆ ಅದು ನಳಿಗೆಯಲ್ಲಿಯೇ ಕಾಯಂ ಆಗಿರುತ್ತಿತ್ತು. ಈಗಿನ ಕೋವಿಗಳಲ್ಲಿ ತಿರುಪಿನಂತೆ ತಿರುಗಿಸಿ ತೆಗೆದು ಬೇರೆಯದನ್ನು ಹಾಕಲು ಒಂದು ನಿಮಿಷ ಸಾಕು. 'ಬಹೂಪಯೋಗಿ' ಎಂಬ ಹೊಗಳಿಕೆಯ ಅರ್ಥ ಇಷ್ಟೆ: ಬೆಳಿಗ್ಗೆ ಬಿಲ್ಲೆ ಒಡೆದ ಕೋವಿ, ಒಂದು ತಿರುಪು ಬದಲಿಸಿದರೆ, ಸಂಜೆ ಹಕ್ಕಿಯ ಎದೆ ಒಡೆಯಲು ಸಿದ್ಧ.

ಕೇವಲ ಸ್ಪರ್ಧೆಗೆಂದೇ ಮಾಡಿದ ಕೋವಿ ಹೀಗಿರುವುದಿಲ್ಲ. ಟ್ರ್ಯಾಪ್ ಸ್ಪರ್ಧೆಯ ಕೋವಿಯ ನಳಿಗೆ 30 ಅಥವಾ 32 ಅಂಗುಲ ಉದ್ದ. ತೂಕ ಮೂರೂವರೆ ಕಿಲೋಗ್ರಾಮಿಗಿಂತ ಹೆಚ್ಚು, ಕೆಲವೊಮ್ಮೆ ನಾಲ್ಕರ ಸಮೀಪ. ಹೊಡೆತದ ಹಿಮ್ಮೆಟ್ಟು ಕಡಿಮೆಯಾಗಲೆಂದೂ ತೂಗುವಿಕೆ ಸ್ಥಿರವಾಗಿರಲೆಂದೂ ಭಾರವನ್ನು ಬೇಕೆಂದೇ ಇಟ್ಟಿರುತ್ತಾರೆ. ಬಿಲ್ಲೆ ಸದಾ ಮೇಲೇರುತ್ತಲೇ ಇರುವುದರಿಂದ ಗುರಿಗಿಂತ ತುಸು ಮೇಲಕ್ಕೆ ಹೊಡೆಯುವಂತೆ ಅದರ ಹಿಡಿಮರವನ್ನು ಹೊಂದಿಸಿರುತ್ತಾರೆ. ಇದನ್ನು ಹೊತ್ತು ದಿನವಿಡೀ ಗದ್ದೆ ಕಾಡು ಅಲೆಯಲು ಯಾವ ಬೇಟೆಗಾರನೂ ಬಯಸುವುದಿಲ್ಲ. ಬೇಟೆಯ ಕೋವಿ ಮೂರು ಕಿಲೋಗ್ರಾಮಿನ ಆಸುಪಾಸು, ನಳಿಗೆ ಗಿಡ್ಡ, ಥಟ್ಟನೆ ಹೆಗಲಿಗೇರಲೆಂದು ಹಗುರ. ಎರಡಕ್ಕೂ ಒದಗಲೆಂದು ಮಾಡಿದ ಕೋವಿ ಇವೆರಡರ ನಡುವೆ ನಿಲ್ಲುತ್ತದೆ. ಬಿಲ್ಲೆಗೆ ಅದು ಅತ್ಯುತ್ತಮವಲ್ಲವೆಂಬುದನ್ನು ಅದರ ಹೊಗಳುಭಟರೂ ಒಪ್ಪುತ್ತಾರೆ.

ಇಲ್ಲಿಯೇ ಕೊಳ್ಳುವವನ ಸಂಕಲ್ಪ ಬಯಲಾಗುತ್ತದೆ. ಸ್ಪರ್ಧೆಯೊಂದೇ ಉದ್ದೇಶವಾಗಿದ್ದರೆ ಅದಕ್ಕೆ ಉತ್ತಮವಾದ ಸಾಧನವನ್ನು ಬಿಟ್ಟು ಕಡಿಮೆ ಯೋಗ್ಯವಾದುದನ್ನು ಯಾರೂ ಆರಿಸುವುದಿಲ್ಲ. ಹಾಗೆ ಆರಿಸುವವನು ಉಳಿದ ಅರ್ಧ ಉಪಯೋಗಕ್ಕೂ ಬೆಲೆ ಕೊಟ್ಟಿರುತ್ತಾನೆ. ಆ ಅರ್ಧದ ಹೆಸರು ಪ್ರಾಣಿವಧೆ. ಅಂಗಡಿಯಲ್ಲಿ ಹಣ ಎಣಿಸುವ ಹೊತ್ತಿಗೆ ಯಾವ ಹಕ್ಕಿಯೂ ಸತ್ತಿಲ್ಲವೆಂಬುದು ನಿಜ. ಆದರೆ ಭಾವಹಿಂಸೆ ಆಗಲೇ ನಡೆದುಹೋಗಿದೆ. ಭಾರತದಲ್ಲಿಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿಗಳ ಬಳಿಕ ಮೋಜಿನ ಬೇಟೆಗೆ ಪರವಾನಗಿಯೇ ಇಲ್ಲ. ಇಲ್ಲಿ 'ಎರಡಕ್ಕೂ' ಎನ್ನುವವನ ಎರಡನೆಯ ಉಪಯೋಗ ಪಾಪವಷ್ಟೇ ಅಲ್ಲ, ಅಪರಾಧವೂ ಹೌದು.

ಮಣ್ಣಿನ ಹಕ್ಕಿ ಹುಟ್ಟಿದ ಬಗೆ

ಬಿಲ್ಲೆಯ ಆಟ ಬೇಟೆಗೆ ಸಂಬಂಧಿಸಿದ್ದೇ ಅಲ್ಲ, ಅದು ಕೇವಲ ಕಣ್ಣು ಕೈಗಳ ಕೌಶಲ ಎನ್ನುವವರು ಅದರ ಚರಿತ್ರೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಶ್ರೀಮಂತರು ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟು, ದಾರ ಎಳೆಸಿ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕ್ರೀಡಾಕೂಟದ ಸಂದರ್ಭದಲ್ಲಿಯೂ ಅಂಥ ಸ್ಪರ್ಧೆ ನಡೆದು ಸುಮಾರು 300 ಪಾರಿವಾಳಗಳು ಸತ್ತವು. 21 ಹಕ್ಕಿಗಳನ್ನು ಕೊಂದ ಬೆಲ್ಜಿಯಮಿನ ಲಿಯೋನ್ ದ ಲುಂಡೆನ್ ಗೆದ್ದವನೆನಿಸಿದನು. ಸೆರೆಯ ಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ಬ್ರಿಟನ್ ಕಾನೂನಿನಿಂದ ನಿಷೇಧಿಸಿದ್ದು 1921ರಲ್ಲಿ.

ಹಕ್ಕಿಗಳು ಸಾಲದಾದಾಗಲೂ ಜನರ ಮನಸ್ಸು ಹೇಸಿದಾಗಲೂ ಬದಲಿಯ ಹುಡುಕಾಟ ನಡೆಯಿತು. ಮೊದಲು ಗಾಜಿನ ಗೋಲಿಗಳು ಬಂದವು. ಅವುಗಳಲ್ಲಿ ಕೆಲವಕ್ಕೆ ಒಳಗೆ ಪುಕ್ಕ ತುಂಬುತ್ತಿದ್ದರು. ಗೋಲಿ ಒಡೆದೊಡನೆ ಪುಕ್ಕ ಚೆದುರಿ ನಿಜವಾದ ಹಕ್ಕಿಯೇ ಸತ್ತಂತೆ ಕಾಣಲೆಂದು! 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಎಂಬಾತ ಸುಟ್ಟ ಮಣ್ಣಿನ ತಟ್ಟೆಯಾಕಾರದ ಗುರಿಯನ್ನು ರೂಪಿಸಿದನು. ಅದಕ್ಕೆ ಬಂದ ಹೆಸರೇ 'ಮಣ್ಣಿನ ಪಾರಿವಾಳ'. ಇಂದಿನ ಬಿಲ್ಲೆ ಮಣ್ಣಿನದಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನೊಡನೆ ಬೆರೆಸಿ ಅಚ್ಚು ಹಾಕಿದ್ದು, ಹನ್ನೊಂದು ಸೆಂಟಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ವಸ್ತು ಬದಲಾಯಿತು, ಹೆಸರು ಮಾತ್ರ ಉಳಿಯಿತು.

ಹೆಸರಿನೊಡನೆ ಇನ್ನೂ ಬಹಳಷ್ಟು ಉಳಿದಿದೆ. ಬಿಲ್ಲೆಯನ್ನು ಎಸೆಯುವ ಯಂತ್ರಕ್ಕೆ ಇಂದಿಗೂ 'ಟ್ರ್ಯಾಪ್', ಅಂದರೆ ಬೋನು, ಎಂದೇ ಹೆಸರು. ದಾರ ಎಳೆಯುವ ಕಾಲ ಹೋದರೂ ಅಮೆರಿಕದ ಆಟಗಾರ ಇಂದಿಗೂ 'ಪುಲ್', ಎಳೆ, ಎಂದು ಕೂಗುತ್ತಾನೆ. ಬಿಲ್ಲೆಗೆ 'ಹಕ್ಕಿ' ಎನ್ನುತ್ತಾರೆ. ಒಡೆದರೆ 'ಸತ್ತಿತು' ಎನ್ನುತ್ತಾರೆ. ಸ್ಕೀಟ್ ಎಂಬ ಪ್ರಕಾರವನ್ನು 1910ರ ದಶಕದ ಕೊನೆಯ ಹೊತ್ತಿಗೆ ಮಸ್ಸಾಚುಸೆಟ್ಸ್‌ನಲ್ಲಿ ಚಾರ್ಲ್ಸ್ ಡೇವಿಸ್ ಮತ್ತು ಆತನ ಸಂಗಡಿಗರು ಕಂಡುಕೊಂಡದ್ದೇ ಗ್ರೌಸ್ ಹಕ್ಕಿಯ ಬೇಟೆಗೆ ಕೈ ಪಳಗಿಸಲು. ಒಲಿಂಪಿಕ್ ಸ್ಕೀಟ್‌ನಲ್ಲಿ ಬಿಲ್ಲೆ ಕಾಣುವವರೆಗೆ ಕೋವಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದಿರಬೇಕೆಂಬ ನಿಯಮದಲ್ಲಿ, ಪೊದೆಯಿಂದ ಹಠಾತ್ತನೆ ಎದ್ದ ಹಕ್ಕಿಯ ಅನುಕರಣೆ ಸ್ಪಷ್ಟವಾಗಿದೆ. 'ಸ್ಪೋರ್ಟಿಂಗ್ ಕ್ಲೇ' ಎಂಬ ಮತ್ತೊಂದು ಪ್ರಕಾರದಲ್ಲಿ ನೆಲದ ಮೇಲೆ ಉರುಳುವ ಬಿಲ್ಲೆಗೆ 'ಮೊಲ' ಎಂದೇ ಹೆಸರು.

ಕನ್ನಡದ ಜೈನ ಓದುಗರಿಗೆ ಇದೆಲ್ಲ ಎಲ್ಲೋ ಕೇಳಿದಂತಿರಬೇಕು.

ಯಶೋಧರನ ಪಾಠ

ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿಯೂ ಜನ್ನ 1209ರಲ್ಲಿ ಕನ್ನಡದಲ್ಲಿಯೂ ವಿಸ್ತರಿಸಿದ ಯಶೋಧರನ ಕಥೆ ಜೈನ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ದುಃಸ್ವಪ್ನದ ನೆಪಕ್ಕೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹೇಳಿದಾಗ ಯಶೋಧರ ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪಿದನು. ಕತ್ತಿ ತಗುಲಿದಾಗ ಆ ಹಿಟ್ಟಿನ ಕೋಳಿ ಕೂಗಿತು. ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ನವಿಲೂ ನಾಯಿಯೂ ಮೊದಲಾಗಿ ತಿರ್ಯಂಚಗತಿಯಲ್ಲಿ ತೊಳಲಿದರು. ಹಿಟ್ಟಿಗೆ ಪ್ರಾಣವಿರಲಿಲ್ಲ, ಆದರೂ ಕರ್ಮ ಬಂಧಿಸಿತು. ಏಕೆಂದರೆ ಯಶೋಧರ ಹಿಟ್ಟನ್ನು ಹಿಟ್ಟೆಂದು ಕಡಿಯಲಿಲ್ಲ, ಕೋಳಿಯೆಂದು ಕಡಿದನು.

ಆ ಕಥೆಯ ಮತ್ತೊಂದು ಘಟ್ಟವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ತಾಯಿಮಗ ಕೋಳಿಗಳಾಗಿ ಹುಟ್ಟಿದ್ದ ಭವದಲ್ಲಿ, ಯಶೋಧರನ ಮಗನಾದ ಯಶೋಮತಿ ಮಹಾರಾಜ ರಾಣಿ ಕುಸುಮಾವಳಿಯೊಡನೆ ಇದ್ದಾಗ ಕೋಳಿಯ ಕೂಗು ಕೇಳಿಸಿತು. ಕಣ್ಣಿಗೆ ಕಾಣದ ಗುರಿಯನ್ನು ಸದ್ದಿನಿಂದಲೇ ಭೇದಿಸುವ ತನ್ನ ಶಬ್ದವೇಧಿ ಕೌಶಲವನ್ನು ರಾಣಿಗೆ ತೋರಿಸಲೆಂದು ಅವನು ಬಾಣ ಬಿಟ್ಟನು. ಸತ್ತವರು ಅವನ ತಂದೆಯೂ ಅಜ್ಜಿಯೂ. ಅವನಿಗೆ ಆ ಕೋಳಿಗಳ ಮೇಲೆ ದ್ವೇಷವಿರಲಿಲ್ಲ, ಮಾಂಸದ ಅಗತ್ಯವೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಗುರಿ ಮುಟ್ಟಿದ ಸಂತೋಷ ಮಾತ್ರ. ಕ್ರೀಡೆಯೆಂದು ಕರೆಯಲ್ಪಡುವ ಬೇಟೆಯ ತಿರುಳು ಇದೇ ಅಲ್ಲವೆ?

ಶಾಸ್ತ್ರಕಾರರು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಸೇರಿಸಿದ್ದಕ್ಕೆ ಕಾರಣವೂ ಇದರಿಂದ ತಿಳಿಯುತ್ತದೆ. ಹಿಂಸೆಯ ನಿಷೇಧ ಅಹಿಂಸಾಣುವ್ರತದಲ್ಲಿಯೇ ಅಡಗಿದೆ. ಹಾಗಿದ್ದೂ ಬೇಟೆಯನ್ನು ಜೂಜು, ಮದ್ಯಗಳ ಜೊತೆಗೆ ಪ್ರತ್ಯೇಕವಾಗಿ ಹೆಸರಿಸಿದ್ದೇಕೆ? ಅದು ಚಟವಾಗಿ ಹತ್ತುವುದರಿಂದ. ಮೊದಲ ಹೊಡೆತದ ರೋಮಾಂಚ ಎರಡನೆಯದನ್ನು ಕೇಳುತ್ತದೆ. ಬಿಲ್ಲೆಯಲ್ಲಿ ಪಳಗಿದ ಕೈ ಹಕ್ಕಿಯನ್ನು ಕೇಳುತ್ತದೆ. ಎರಡಕ್ಕೂ ಒದಗುವ ಕೋವಿ ಕೈಯಲ್ಲಿದ್ದವನಿಗೆ ಈ ಎರಡರ ನಡುವೆ ಬಾಗಿಲೇ ಇರುವುದಿಲ್ಲ.

ಎದುರುವಾದಗಳು

ಇದಕ್ಕೆ ಹಲವು ಆಕ್ಷೇಪಗಳುಂಟು. ಅವನ್ನು ಕಡೆಗಣಿಸುವುದು ಅನೇಕಾಂತಕ್ಕೆ ಒಪ್ಪುವುದಿಲ್ಲ.

ಬಿಲ್ಲೆ ಹೊಡೆಯುವವರೆಲ್ಲರೂ ಬೇಟೆಗಾರರೆ ಎಂಬುದು ಮೊದಲನೆಯ ಆಕ್ಷೇಪ. ಖಂಡಿತ ಅಲ್ಲ. ಜೀವಮಾನದಲ್ಲಿ ಒಂದು ಇರುವೆಯನ್ನೂ ಬೇಕೆಂದು ತುಳಿಯದ ಕ್ರೀಡಾಪಟುಗಳು ಇರಬಹುದು. ಬಿಲ್ಲೆಯನ್ನು ಬಿಲ್ಲೆಯೆಂದೇ ತಿಳಿದು, ಹಕ್ಕಿಯೆಂಬ ಭಾವನೆಯೇ ಇಲ್ಲದೆ, ಏಕಾಗ್ರತೆಯ ಸಾಧನೆಯಾಗಿ ಒಡೆಯುವವನನ್ನು ಯಶೋಧರನೊಡನೆ ಹೋಲಿಸುವುದು ಅನ್ಯಾಯ. ಕೊಲ್ಲದಿದ್ದರೂ ಮೀನು ಹಿಡಿಯುವ ಸಂಕಲ್ಪದಿಂದ ಬಲೆಯೊಡ್ಡಿ ಕುಳಿತವನಿಗೆ ದೋಷವೆಂದೂ, ಉಳುವಾಗ ಜೀವಿಗಳು ಸತ್ತರೂ ಕೊಲ್ಲುವ ಸಂಕಲ್ಪವಿಲ್ಲದ ರೈತನಿಗೆ ಆ ದೋಷವಿಲ್ಲವೆಂದೂ ಪೂರ್ವಾಚಾರ್ಯರು ಹೇಳಿದ ದೃಷ್ಟಾಂತ ಪ್ರಸಿದ್ಧವಾಗಿದೆ. ಆ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಆದುದರಿಂದಲೇ ಖಂಡನೆ ಬಿಲ್ಲೆಯ ಮೇಲಲ್ಲ. ಬಿಲ್ಲೆಯ ಮರೆಯಲ್ಲಿ ಹಕ್ಕಿಗೂ ಗುರಿಯಿಡುವ ಆಯ್ಕೆಯ ಮೇಲೆ. ಸಂಕಲ್ಪ ಶುದ್ಧವಾಗಿದ್ದರೆ ಸಾಧನವೂ ಶುದ್ಧವಾಗಿ ಒಂದೇ ಕೆಲಸಕ್ಕೆ ಮೀಸಲಾಗಿರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಜೈನ ವೀರರು ಆಯುಧ ಹಿಡಿಯಲಿಲ್ಲವೆ ಎಂಬುದು ಎರಡನೆಯದು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಗಂಗರಾಜ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಅವರು ಯುದ್ಧ ಮಾಡಿದರು, ನಿಜ. ಅದು ಆಶ್ರಿತರ ರಕ್ಷಣೆಗಾಗಿ ಗೃಹಸ್ಥನಿಗೆ ಅನಿವಾರ್ಯವಾಗುವ ವಿರೋಧೀ ಹಿಂಸೆ. ಗೃಹಸ್ಥ ಮೊದಲು ಬಿಡಬೇಕಾದುದು ಸಂಕಲ್ಪೀ ಹಿಂಸೆ. ತನ್ನನ್ನು ಏನೂ ಮಾಡದ, ದೂರ ಹಾರಿಹೋಗುತ್ತಿರುವ ಹಕ್ಕಿಯನ್ನು ಕೆಡವುವುದರಲ್ಲಿ ಯಾವ ರಾಜ್ಯದ ರಕ್ಷಣೆಯಿದೆ? ಓಡುವ ಶತ್ರುವಿನ ಬೆನ್ನಿಗೆ ಹೊಡೆಯುವುದನ್ನು ಕ್ಷತ್ರಿಯ ಧರ್ಮವೂ ಒಪ್ಪುವುದಿಲ್ಲ.

ಬೇಟೆಗಾರರ ಹಣದಿಂದಲೇ ಕಾಡು ಉಳಿದಿದೆ ಎಂಬುದು ಮೂರನೆಯದು, ಅಮೆರಿಕದಿಂದ ಬಂದದ್ದು. ಅಲ್ಲಿ 1937ರ ಕಾನೂನಿನಂತೆ ಬೇಟೆಯ ಕೋವಿ, ತೋಟೆಗಳ ಮೇಲೆ ಶೇಕಡಾ 11ರ ತೆರಿಗೆ ಇದ್ದು, ಅದು ವನ್ಯಜೀವಿಗಳ ಪುನರುಜ್ಜೀವನಕ್ಕೆ ಹೋಗುತ್ತದೆ. ಅದರಿಂದ ಆದ ಒಳಿತನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಸರ್ಕಾರದ ಲೆಕ್ಕ, ಆತ್ಮದ ಲೆಕ್ಕವಲ್ಲ. ಹತ್ತು ಹಕ್ಕಿಗಳನ್ನು ಸಾಕಲು ಹಣ ಕೊಟ್ಟವನಿಗೆ ಹನ್ನೊಂದನೆಯದನ್ನು ಕೊಲ್ಲುವ ಹಕ್ಕು ಬರುವುದಾದರೆ, ಅನ್ನದಾನ ಮಾಡಿದವನಿಗೆ ಕಳವಿನ ಹಕ್ಕೂ ಬರಬೇಕಾಗುತ್ತದೆ. ಜೀವದಯೆಗೆ ಹಣ ಕೊಡಲು ಕೋವಿ ಕೊಳ್ಳಬೇಕಾದ ಅಗತ್ಯ ಜೈನರಿಗೆ ಎಂದೂ ಬಿದ್ದಿಲ್ಲ.

ಸೀಸದ ಮಳೆ

ಬಿಲ್ಲೆಯಿಂದ ಯಾವ ಜೀವಿಗೂ ತೊಂದರೆಯಿಲ್ಲ ಎಂಬ ಮಾತಿನಲ್ಲಿಯೂ ಸತ್ಯ ಅರ್ಧವೇ ಇದೆ. ಒಲಿಂಪಿಕ್ ಸ್ಪರ್ಧೆಯ ಒಂದು ತೋಟೆಯಲ್ಲಿ 24 ಗ್ರಾಂ ಚರೆ ಇರುತ್ತದೆ. ಅದು ಹೆಚ್ಚಾಗಿ ಸೀಸದ್ದು. ಬಿಲ್ಲೆಗೊಂದರಂತೆ 25 ಬಿಲ್ಲೆಗಳ ಒಂದು ಸುತ್ತಿಗೆ 600 ಗ್ರಾಂ. ಐದು ಸುತ್ತಿಗೆ 3 ಕಿಲೋಗ್ರಾಂ. ಒಬ್ಬನೇ ಆಟಗಾರ ಅಷ್ಟು ಸೀಸವನ್ನು ಬಯಲಿಗೆ ಎರಚುತ್ತಾನೆ. ಮೈದಾನದ ಮುಂದೆ ಕೆರೆಯೋ ಜವುಗೋ ಇದ್ದರೆ ಚರೆ ಅದರಲ್ಲಿ ಬೀಳುತ್ತದೆ. ಬಾತುಕೋಳಿಗಳಿಗೆ ಹಲ್ಲಿಲ್ಲ; ತಿಂದದ್ದನ್ನು ಅರೆಯಲು ಅವು ಸಣ್ಣ ಕಲ್ಲುಗಳನ್ನು ನುಂಗಿ ಒಳಗಿನ ಗಟ್ಟಿಚೀಲದಲ್ಲಿ ಇರಿಸಿಕೊಳ್ಳುತ್ತವೆ. ಕಲ್ಲೆಂದು ಭ್ರಮಿಸಿ ನುಂಗಿದ ಚರೆ ಅಲ್ಲಿ ಸವೆದು ರಕ್ತಕ್ಕೆ ಸೇರುತ್ತದೆ. ಕೆಲವೇ ಚರೆಗಳಿಂದ ಒಂದು ಬಾತು ನರಳಿ ನರಳಿ ಸಾಯಬಹುದು.

ಈ ಕಾರಣದಿಂದಲೇ ಅಮೆರಿಕ 1991ರಿಂದ ಜಲಪಕ್ಷಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ ಜೌಗುಪ್ರದೇಶಗಳಲ್ಲಿ ಅದರ ನಿಷೇಧ 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಬಿಲ್ಲೆಯ ಡಾಂಬರು ಅಂಟೂ ನಿರಪಾಯವಲ್ಲ. ಬಿದ್ದ ಚೂರುಗಳನ್ನು ತಿಂದು ಹಂದಿಗಳು ವಿಷವೇರಿ ಸತ್ತದ್ದು ಪಶುವೈದ್ಯರಿಗೆ ತಿಳಿದ ಸಂಗತಿ. ಹಿಟ್ಟಿನ ಕೋಳಿಯಂತೆ ಮಣ್ಣಿನ ಹಕ್ಕಿಯೂ ಸುಮ್ಮನೆ ಸಾಯುವುದಿಲ್ಲ. ಬೇಟೆಯನ್ನು ಬಿಟ್ಟೆನೆಂದು ನೆಮ್ಮದಿಯಿಂದಿರುವ ಆಟಗಾರನೂ ಈ ಪ್ರಮಾದದ ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ಉಕ್ಕಿನ ಚರೆ ದೊರೆಯುತ್ತದೆ. ಬಿದ್ದ ಸೀಸವನ್ನು ಸಂಗ್ರಹಿಸುವ ಮೈದಾನಗಳೂ ಇವೆ. ಸ್ಪರ್ಧೆಗೆ ಇಳಿಯುವ ಜೈನ ತರುಣರು ಇದನ್ನು ಮೊದಲು ವಿಚಾರಿಸಬೇಕು.

ಗುತ್ತಿನ ಮನೆಯ ಮೂಲೆಯ ಕೋವಿ

ದೂರದ ದೇಶದ ಮಾತು ಹಾಗಿರಲಿ. ತುಳುನಾಡಿನ ಬೀಡು, ಗುತ್ತುಗಳಲ್ಲಿಯೂ ಮಲೆನಾಡಿನ ತೋಟದ ಮನೆಗಳಲ್ಲಿಯೂ ಇರುವ ಕೋವಿ ಇದೇ ಪ್ರಶ್ನೆಯನ್ನು ಕೇಳುತ್ತದೆ. ಮಂಗಗಳ ಹಿಂಡು ಎಳನೀರನ್ನು ಕಿತ್ತೆಸೆಯುವಾಗ, ಹಂದಿಗಳು ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತುಹಾಕುವಾಗ ರೈತನ ಸಂಕಟವನ್ನು ಪೇಟೆಯಲ್ಲಿ ಕುಳಿತು ಹಗುರಾಗಿ ಕಾಣುವುದು ಸರಿಯಲ್ಲ. ಬೆದರಿಸಲು ಗಾಳಿಯಲ್ಲಿ ಹಾರಿಸುವ ಈಡು ಬೇರೆ. ಆದರೆ ತೋಟ ಕಾಯಲೆಂದು ಪರವಾನಗಿ ಪಡೆದ ಕೋವಿ ಮಳೆಗಾಲ ಮುಗಿದ ಮೇಲೆ ಕಾಡುಕೋಳಿಯ ಹಿಂದೆ ಹೋದರೆ, ಅದೂ 'ಎರಡಕ್ಕೂ ಒದಗುವ ಕೋವಿ'ಯೇ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. "ನಮ್ಮ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಮಾಂಸ ಮನೆಯೊಳಗೆ ಬರುವುದಿಲ್ಲ; ನೆರೆಯವರು ಕೇಳಿದಾಗ ಕೋವಿ ಕೊಡುತ್ತೇವೆ, ಅಷ್ಟೆ" ಎನ್ನುವ ಯಜಮಾನರುಂಟು. ನೆರೆಹೊರೆಯ ದಾಕ್ಷಿಣ್ಯ ದೊಡ್ಡದು, ನಿಜ. ಆದರೆ ಸಮಂತಭದ್ರಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು ಎಣಿಸಿದ್ದಾರೆ; ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆ ಮೊದಲಾದ ವಧೆಯ ಸಾಧನಗಳನ್ನು ಪರರಿಗೆ ಕೊಡುವುದೇ ಅದು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೈ ಶುದ್ಧವಾಗಿದ್ದು ಉಳಿದೆರಡು ಮಲಿನವಾಗಿದ್ದರೆ ವ್ರತ ಉಳಿಯಿತೆನ್ನಲಾಗದು. ಪರವಾನಗಿ ಯಜಮಾನನ ಹೆಸರಿನಲ್ಲಿದೆ. ಕರ್ಮದ ದಾಖಲೆಯಲ್ಲಿಯೂ ಅದೇ ಹೆಸರು ಇರುತ್ತದೆ. ಚುನಾವಣೆ ಬಂತೆಂದರೆ ಅದೇ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಟ್ಟು ರಶೀದಿ ಪಡೆಯುವಾಗ ತೋರುವ ಜಾಗ್ರತೆಯನ್ನು, ಅದನ್ನು ಇನ್ನೊಬ್ಬರ ಕೈಗೆ ಕೊಡುವಾಗಲೂ ತೋರಬೇಡವೆ? ಪರವಾನಗಿಯಿಲ್ಲದವರ ಕೈಗೆ ಕೋವಿ ಕೊಡುವುದನ್ನು ಆಯುಧ ಕಾಯ್ದೆಯೂ ಮನ್ನಿಸುವುದಿಲ್ಲ.

ಮಾಡಬೇಕಾದುದು

ಖಂಡನೆಯಿಂದಷ್ಟೇ ಕಾರ್ಯ ಮುಗಿಯುವುದಿಲ್ಲ. ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಸ್ಪಷ್ಟವಾದ ಕೆಲವು ನಿಶ್ಚಯಗಳಿಗೆ ಬರಬೇಕು.

ಮಕ್ಕಳು ಬಿಲ್ಲೆಯ ಕ್ರೀಡೆಗೆ ಸೇರಬಯಸಿದರೆ ಬೈದು ಬಾಯಿ ಮುಚ್ಚಿಸುವುದು ಪ್ರಯೋಜನವಿಲ್ಲ. ಮೇಲಿನ ಚರಿತ್ರೆಯನ್ನೂ ಯಶೋಧರನ ಕಥೆಯನ್ನೂ ಅವರ ಮುಂದಿಡಬೇಕು. ಅನಂತರವೂ ಅವರ ಮನಸ್ಸು ಅದರಲ್ಲಿಯೇ ನಿಂತರೆ, ಯಾವ ಜೀವಿಯತ್ತಲೂ ಎಂದೂ ಗುರಿಯಿಡುವುದಿಲ್ಲವೆಂಬ ನಿಯಮವನ್ನು ಜಿನಬಿಂಬದ ಮುಂದೆ ಅಥವಾ ಮುನಿಗಳ ಸನ್ನಿಧಿಯಲ್ಲಿ ಸ್ವೀಕರಿಸಿ ಮುಂದುವರಿಯಲಿ. ಕೋವಿ ಸ್ಪರ್ಧೆಯದೇ ಆಗಿರಲಿ. ಮನೆಗೆ ಬಾರದೆ ಕ್ಲಬ್ಬಿನ ಭದ್ರ ಕೊಠಡಿಯಲ್ಲಿಯೇ ಇದ್ದರೆ ಇನ್ನೂ ಲೇಸು. ಬಿಲ್ಲೆಯನ್ನು ಹಕ್ಕಿಯೆಂದಾಗಲಿ ಒಡೆದುದನ್ನು ಸತ್ತಿತೆಂದಾಗಲಿ ಕರೆಯುವ ರೂಢಿಯನ್ನು ನಾಲಗೆಗೆ ತಾರದಿರಲಿ. ಇದು ಸಣ್ಣ ಮಾತಲ್ಲ. ಯಶೋಧರ ಕೆಟ್ಟದ್ದು ಹಿಟ್ಟನ್ನು ಕೋಳಿಯೆಂದು ಭಾವಿಸಿದ್ದರಿಂದಲೇ.

ಹಿರಿಯರ ಕಾಲದಿಂದ ಬಂದ ಕೋವಿ ಮನೆಯಲ್ಲಿದ್ದು, ಅದರ ಅಗತ್ಯ ತೀರಿದ್ದರೆ, ಮಾರುವ ಮುನ್ನ ಯೋಚಿಸಬೇಕು. ಅದನ್ನು ಬೇಟೆಗಾರನಿಗೆ ಮಾರಿ ಬಂದ ಹಣದಲ್ಲಿ ಪೂಜೆ ಮಾಡಿಸಿದರೆ ಪುಣ್ಯ ಬರುವುದಿಲ್ಲ. ಠಾಣೆಗೆ ಒಪ್ಪಿಸಿ ಪರವಾನಗಿಯನ್ನು ಹಿಂದಿರುಗಿಸುವುದೇ ಸರಿಯಾದ ದಾರಿ. ಬೇಲಿ, ಸೋಲಾರ್ ತಂತಿ, ಕಾವಲುಗಾರರಿಗೆ ಖರ್ಚು ಹೆಚ್ಚೆಂಬುದು ನಿಜ. ಆ ಖರ್ಚನ್ನು ಜೀವದಯೆಯ ಬಾಬ್ತಿನಿಂದ ಬಡ ರೈತರಿಗೆ ಸ್ವಲ್ಪವಾದರೂ ಭರಿಸಿಕೊಡುವುದು ಟ್ರಸ್ಟುಗಳ ಕರ್ತವ್ಯವಾಗಬಾರದೇಕೆ? ಗೋಶಾಲೆಗೆ ಹುಲ್ಲು ಕೊಡುವಷ್ಟೇ ಯೋಗ್ಯವಾದ ದಾನ ಅದು.

ಬಸದಿಯ ವಿಗ್ರಹಗಳ ರಕ್ಷಣೆಗೆ ನಿಂತ ಕಾವಲುಗಾರನ ಕೋವಿಯ ವಿಷಯ ಬೇರೆ. ಅದು ರಕ್ಷಣೆಯದು, ಅದರ ಲೆಕ್ಕಪತ್ರ ಕಟ್ಟುನಿಟ್ಟಾಗಿರಲಿ. ಟ್ರಸ್ಟಿನ ತೋಟ, ಕಾಡುಗಳಿಗೆ ಷಿಕಾರಿಯವರು ಕಾಲಿಡದಂತೆ ಫಲಕ ಹಾಕಿದರೆ ಸಾಲದು, ನೋಡಿಕೊಳ್ಳಬೇಕು. ಟ್ರಸ್ಟುಗಳು ನಡೆಸುವ ಶಾಲೆಗಳಲ್ಲಿ ಗುರಿಯ ಕ್ರೀಡೆ ಬೇಕೆನಿಸಿದರೆ ಹತ್ತು ಮೀಟರಿನ ಏರ್ ರೈಫಲ್ ಇದೆ. ಅಭಿನವ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಅದರಲ್ಲಿಯೇ. ಅಲ್ಲಿ ಗುರಿ ಒಂದು ವೃತ್ತ ಮಾತ್ರ. ಅದು ಹಾರುವುದಿಲ್ಲ, ಅದಕ್ಕೆ ಹಕ್ಕಿಯ ಹೆಸರಿಲ್ಲ, ಹಾರಿಸಿದ ಸೀಸ ಗುರಿಯ ಹಿಂದೆಯೇ ಸಂಗ್ರಹವಾಗುತ್ತದೆ. ಏಕಾಗ್ರತೆಯೊಂದೇ ಬೇಕಾದವನಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ; ಬೇಕೆನ್ನುವವನು ತನಗೆ ನಿಜವಾಗಿ ಬೇಕಾದುದೇನೆಂದು ತನ್ನನ್ನೇ ಕೇಳಿಕೊಳ್ಳಲಿ.

ಅಹಿಂಸೆ ಜೈನ ಕುಲಕ್ಕೆ ಹುಟ್ಟಿನಿಂದ ಬಂದ ಆಸ್ತಿಯೆಂದು ಹೆಮ್ಮೆಪಡುವವರು ಬಹಳ. ಆಸ್ತಿಯನ್ನು ಉಳಿಸಿಕೊಳ್ಳಬೇಕಾದವರು ಪ್ರತಿಯೊಂದು ಕ್ರಯಪತ್ರವನ್ನೂ ಓದಿ ರುಜು ಹಾಕುತ್ತಾರೆ. ಎರಡಕ್ಕೂ ಒದಗುವ ಕೋವಿಯ ಕ್ರಯಪತ್ರದಲ್ಲಿ ಒಂದು ಹಕ್ಕಿಯ ಪ್ರಾಣವನ್ನೂ ಬರೆದಿದೆ. ಅದನ್ನು ಓದದೆ ರುಜು ಹಾಕಬಾರದು. ಹಿಟ್ಟಿನ ಕೋಳಿಯನ್ನು ಕಡಿದ ಮೇಲೆ ಯಶೋಧರ ಎಚ್ಚೆತ್ತನು, ಆದರೆ ಆ ವೇಳೆಗೆ ತಡವಾಗಿತ್ತು. ಇಂದಿನ ಶ್ರಾವಕರಿಗೆ ಅವನ ಕಥೆ ಮೊದಲೇ ದೊರೆತಿದೆ. ಅದನ್ನು ಪಾರಾಯಣಕ್ಕೆ ಮಾತ್ರ ಇಟ್ಟುಕೊಳ್ಳದೆ, ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ನೆನೆಯಬೇಕು.